ಮೊದಲ ಗುಟುಕು ಉಪ್ಪುನೀರು

ಕಟ್ಟೆ ಒಡೆದ ಸುದ್ದಿಯನ್ನು ಸುಪ್ರಿಯಾಗೆ ತಂದವನು ಅವಳ ಗಂಡ ಭಾಸ್ಕರ. ಭಟ್ಕಳದಿಂದ ಕುಮಟಾಕ್ಕೆ ಹೋಗಿಬರುವ ಬಸ್ಸಿನಲ್ಲಿ ಅವನು ಕಂಡಕ್ಟರ್. ನಡುವಿನ ಊರುಗಳಲ್ಲಿ ಯಾರ ಮನೆಯ ಹಸು ಕರು ಹಾಕಿತು, ಯಾರ ದೋಣಿಯ ಇಂಜಿನ್ ಕೆಟ್ಟಿತು ಎಂಬುದೆಲ್ಲ ಟಿಕೆಟ್ ಹರಿಯುವಷ್ಟರಲ್ಲಿ ಅವನ ಕಿವಿಗೆ ಬಿದ್ದಿರುತ್ತಿತ್ತು. ಎರಡು ಸಾವಿರದ ಒಂದನೇ ಇಸವಿ, ಮಹಾಲಯ ಅಮಾವಾಸ್ಯೆಯ ಮರುದಿನ. ಬಸ್ಸು ಹೊನ್ನಾವರದ ನಿಲ್ದಾಣದಲ್ಲಿ ನಿಂತದ್ದೇ ಅವನು ಡ್ರೈವರಿಗೊಂದು ಮಾತು ಹೇಳಿ ಕಾಲೇಜಿನ ತನಕ ಓಡಿಬಂದ. ಸುಪ್ರಿಯಾ ಅಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದವಳು ತಲೆಯೆತ್ತಿದಳು.

"ನಿಮ್ಮ ಗಜನಿಗೆ ನೀರು ನುಗ್ಗಿದ್ಯಂತೆ," ಎಂದ ಭಾಸ್ಕರ ಬಾಗಿಲಲ್ಲೇ ನಿಂತು. "ಅಮಾಸೆ ಉಬ್ಬರದ ಭರ್ತಿಗೆ ಕಟ್ಟೆ ಒಡೀತಂತೆ. ಮಾವ ಕಟ್ಟೆ ಮೇಲೇ ಕೂತವ್ರೆ, ಊಟಕ್ಕೂ ಮನೆಗೆ ಹೋಗ್ಲಿಲ್ಲ ಹೇಳಿ ಮೀನಿನವಳೊಬ್ಳು ಹೇಳಿದ್ಲು."

"ಯಾವ ಕಡೆ ಒಡೆದದ್ದು?"

"ಅದನ್ನ ಕೇಳ್ಲಿಲ್ಲ ಮಾರಾಯ್ತಿ. ಬಸ್ಸು ನಿಂತದೆ, ನಾ ಹೋಗ್ತೆ."

ಅಘನಾಶಿನಿ ಹೊಳೆ ಕಡಲು ಸೇರುವ ಮೊದಲು ಕುಮಟಾದ ಬಳಿ ಕಾಲುಚಾಚಿ ಮಲಗಿದಂತೆ ಹರಡಿಕೊಳ್ಳುತ್ತದೆ. ಅಲ್ಲಿನ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆ ಜೋರಾಗಿರುವಷ್ಟು ದಿನ ಹೊಳೆಯ ನೀರು ಸಿಹಿ. ಮಳೆ ಇಳಿದಂತೆ ಉಬ್ಬರದ ಜೊತೆ ಕಡಲಿನ ಉಪ್ಪು ಒಳಗೊಳಗೆ ಬರುತ್ತದೆ. ಅದನ್ನು ತಡೆಯಲು ಸುತ್ತ ಮಣ್ಣಿನ ಕಟ್ಟೆ. ಹೆಚ್ಚಿನ ನೀರನ್ನು ಇಳಿತದ ಹೊತ್ತಿಗೆ ಹೊರಬಿಡಲು ಕಟ್ಟೆಯ ಒಂದು ಮೂಲೆಯಲ್ಲಿ ಬಾಗಿಲು, ಅದೂ ಹಲಗೆಯ ಮೇಲೆ ಹಲಗೆ ಇಳಿಬಿಟ್ಟದ್ದು. ಉಪ್ಪು ಸ್ವಲ್ಪ ತಾಗಿದರೂ ತಡೆದುಕೊಳ್ಳುವ ಕಗ್ಗ ಎಂಬ ಭತ್ತವನ್ನು ಅಲ್ಲಿಯವರು ಹಿಂದಿನಿಂದ ಬಿತ್ತಿಕೊಂಡು ಬಂದಿದ್ದರು. ಸುಪ್ರಿಯಾಳ ಅಪ್ಪ ಅಣ್ಣಪ್ಪ ಮಾತ್ರ ಆ ವರ್ಷ ಹಟ ಹಿಡಿದು ಜಯಾ ಭತ್ತ ಹಾಕಿದ್ದ. "ಕಗ್ಗದ ಅಕ್ಕಿ ತಿಂದು ತಿಂದು ಹಲ್ಲು ಸವೆದೋತು. ಒಂದು ವರ್ಷ ಬಿಳೇ ಅನ್ನ ಉಂಡ್ರೆ ಯಾರ ಗಂಟು ಹೋಗ್ತದೆ?" ಎಂದಿದ್ದ. ಜಯಾಕ್ಕೆ ಉಪ್ಪು ಎಂದರೆ ಆಗದು. ಕಟ್ಟೆ ಗಟ್ಟಿಯಾಗಿದೆ, ಕೊಯ್ಲಿನ ತನಕ ನಿಲ್ಲುತ್ತದೆ ಎಂಬ ಭರವಸೆ ಅವನದು.

ನಾಲ್ಕಾರು ದಿನ ಬಿಟ್ಟು ಸುಪ್ರಿಯಾ ತವರಿಗೆ ಹೋಗುವ ಹೊತ್ತಿಗೆ ಊರವರು ಬಿದಿರು ನೆಟ್ಟು, ಮಣ್ಣಿನ ಚೀಲ ಒಟ್ಟಿ ಒಡಕನ್ನು ಮುಚ್ಚಿದ್ದರು. ಆದರೆ ಅಷ್ಟು ದಿನ ಉಪ್ಪುನೀರು ಗದ್ದೆಯಲ್ಲಿ ನಿಂತಾಗಿತ್ತು. ತೆನೆ ಹೊರಟಿದ್ದ ಪೈರಿನ ಎಲೆತುದಿಗಳು ಬೆಂಕಿಗೆ ಹಿಡಿದಂತೆ ಸುಟ್ಟು ಸುರುಟಿದ್ದವು. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು, ಬರೀ ಜೊಳ್ಳು. ಅಣ್ಣಪ್ಪ ಕಟ್ಟೆಯ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ. ಮಗಳನ್ನು ಕಂಡು ಎದ್ದು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಅಪ್ಪನಿಗೆ ಸಮಾಧಾನ ಹೇಳಿದರೆ ಸಿಟ್ಟು ಬರುತ್ತಿತ್ತು.

ಇಬ್ಬರೂ ಕಟ್ಟೆಯ ಮೇಲೆ ನಡೆದರು. ಹಳದಿ, ಹಳದಿ, ಎತ್ತ ನೋಡಿದರೂ ಒಣಹುಲ್ಲಿನ ಹಳದಿ. ಬಾಗಿಲಿನ ಮೂಲೆಗೆ ಬಂದಾಗ ಸುಪ್ರಿಯಾ ನಿಂತಳು. ಅಲ್ಲಿ, ಬಾಗಿಲಿನಿಂದ ಬೀಸಣಿಗೆ ಬಿಚ್ಚಿದ ಹಾಗೆ, ಒಂದು ತುಂಡು ಪೈರು ಹಸಿರಾಗಿ ನಿಂತಿತ್ತು. ತುದಿಗಳು ಅಲ್ಲಲ್ಲಿ ಬಿಳಿಚಿದ್ದವು, ಆದರೆ ತೆನೆ ಬಾಗಿತ್ತು. ಉಜ್ಜಿದರೆ ಒಳಗೆ ಹಾಲುಗಾಳು.

"ಇದು ಕಗ್ಗವಾ ಅಪ್ಪ?"

"ಎಲ್ಲಿಯ ಕಗ್ಗ. ಒಂದೇ ಚೀಲದ ಬೀಜ."

"ಈ ಮೂಲೆಗೆ ನೀರು ಬರ್ಲಿಲ್ವಾ ಹಾಗಾದ್ರೆ?"

"ಇಡೀ ಗದ್ದೆಯಲ್ಲಿ ತಗ್ಗು ಇದೇ ಮೂಲೆ. ಎಲ್ಲಾ ಕಡೆ ಇಳಿದ್ಮೇಲೂ ಇಲ್ಲಿ ಮೊಣಕಾಲುದ್ದ ನೀರಿತ್ತು." ಅಣ್ಣಪ್ಪ ಹೊಳೆಯ ಕಡೆ ಮುಖ ತಿರುಗಿಸಿದ. "ದೇವಪ್ಪನ ಮೂಲೆ ಇದು. ಅವಂದು ಎಲ್ಲ ಉಲ್ಟಾನೇ."

ದೇವಪ್ಪ ಕಟ್ಟೆಯಾಚೆ ಹೊಳೆಬದಿಯಲ್ಲಿ ಮನೆ ಮಾಡಿಕೊಂಡಿದ್ದ ಮೀನುಗಾರ. ಉಬ್ಬರದ ಹೊತ್ತಿಗೆ ಬಾಗಿಲಿನ ಕೆಳಹಲಗೆಯನ್ನು ಒಂದಿಷ್ಟು ಎತ್ತುವುದು, ಒಳಬಂದ ನೀರಿನ ಜೊತೆ ಸಿಗಡಿ, ಏಡಿ ಬಂದಮೇಲೆ ಇಳಿತಕ್ಕೆ ಬಾಯಿಗೆ ಬಲೆ ಕಟ್ಟುವುದು ಅವನ ಪದ್ಧತಿ. ಬೇಸಿಗೆಯಲ್ಲಿ ಅದನ್ನು ಯಾರೂ ಬೇಡವೆನ್ನುತ್ತಿರಲಿಲ್ಲ. ಪೈರು ನಿಂತಿರುವಾಗಲೂ ಎತ್ತುತ್ತಾನೆಂದು ಅಣ್ಣಪ್ಪನಿಗೂ ಅವನಿಗೂ ಹಿಂದಿನ ವರ್ಷ ಜಗಳವಾಗಿ ಮಾತು ನಿಂತಿತ್ತು. ಈಗ ಕಟ್ಟೆ ಒಡೆದದ್ದು ಬಾಗಿಲಿನ ಕಡೆ ಅಲ್ಲ, ಹೊಳೆ ತಿರುಗುವ ಮೇಲಿನ ಮೂಲೆಯಲ್ಲಿ. ಆದರೂ ಅಣ್ಣಪ್ಪನ ಸಿಟ್ಟಿಗೆ ಕೂರಲು ಒಂದು ಮುಖ ಬೇಕಿತ್ತು. ದೀಪಾವಳಿ ಕಳೆದಮೇಲೆ ಗಜನಿಯವರ ಸಭೆಯಿತ್ತು. ಬಾಗಿಲಿನ ಹತ್ತಿರ ದೇವಪ್ಪ ಬಲೆ ಕಟ್ಟಕೂಡದೆಂದು ಅಲ್ಲಿ ಹೇಳಿಯೇ ಹೇಳುತ್ತೇನೆಂದು ಅವನು ನಿಶ್ಚಯ ಮಾಡಿಕೊಂಡಿದ್ದ.

ಸುಪ್ರಿಯಾಗೆ ಆ ಜಗಳ ಹೊಸತಲ್ಲ. ಅವಳ ಕಣ್ಣು ಹಸಿರಿನ ಮೇಲೇ ಇತ್ತು. ತಗ್ಗು ಜಾಗ, ಹೆಚ್ಚು ಹೊತ್ತು ನಿಂತ ಉಪ್ಪು, ಉಪ್ಪಿಗೆ ಆಗದ ಭತ್ತ. ಮೊದಲು ಸಾಯಬೇಕಾದದ್ದು ಇದೇ.

ಊಟಕ್ಕೆ ಕೂತಾಗ ಆ ಮೂಲೆ ಉಳಿದದ್ದು ಹೇಗೆಂದು ಅವಳು ಕೇಳಿದ್ದಕ್ಕೆ ಅವ್ವ ಗಂಗೆ ಸಾರು ಬಡಿಸುತ್ತಾ ಹೇಳಿದಳು: "ಕಮಲಿ ಅಲ್ಲೇ ಚಿಪ್ಪಿ ಒಗೀತಾಳೆ ಅಲ್ದಾ. ವರ್ಷಗಟ್ಲೆ ಬಿದ್ದ ಚಿಪ್ಪಿ. ಸುಣ್ಣದ ಸತ್ವ ಇರ್ಬೇಕು."

ಕಮಲಿ ದೇವಪ್ಪನ ಹೆಂಡತಿ. ಹೊಳೆಯಲ್ಲಿ ಆಯ್ದ ಚಿಪ್ಪಿಯಿಂದ ಮಾಂಸ ತೆಗೆದು, ಚಿಪ್ಪನ್ನು ಕಟ್ಟೆಯ ಬದಿಗೆ ಸುರಿಯುತ್ತಿದ್ದಳು. ಅವ್ವನ ಮಾತು ಸುಪ್ರಿಯಾಗೆ ಹಿಡಿಸಿತು. ಚಿಪ್ಪೆಂದರೆ ಸುಣ್ಣ, ಸುಣ್ಣವೆಂದರೆ ಕ್ಯಾಲ್ಸಿಯಂ. ಮಣ್ಣಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಉಪ್ಪಿನ ಪೆಟ್ಟು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಓದಿದ್ದಳು. ಊಟ ಮುಗಿದದ್ದೇ ಕತ್ತಿ ಹಿಡಿದು ಗದ್ದೆಗಿಳಿದಳು. ಮೊಣಕಾಲ ತನಕ ಕೆಸರು. ಅಲ್ಲಲ್ಲಿ ಅಗೆದು ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಚಿಪ್ಪಿನ ಚೂರು ಇದ್ದದ್ದು ಹೌದು. ಆದರೆ ಕಟ್ಟೆಯ ಉದ್ದಕ್ಕೆ ಬಡಗಣ ಕಡೆ ಚಿಪ್ಪು ದಪ್ಪವಾಗಿ ಬಿದ್ದ ಜಾಗದಲ್ಲಿ ಪೈರು ಸತ್ತಿತ್ತು. ಗದ್ದೆಯ ಒಳಗೆ ಚಿಪ್ಪಿನ ಸುಳಿವೇ ಇಲ್ಲದ ಕಡೆಯೂ ಹಸಿರು ಮುಂದುವರಿದಿತ್ತು. ಹಸಿರು ಚಿಪ್ಪನ್ನು ಹಿಂಬಾಲಿಸಿರಲಿಲ್ಲ. ಅದು ಬಾಗಿಲಿನಿಂದ ನೀರು ಹರಡುವ ಆಕಾರವನ್ನು ಹಿಂಬಾಲಿಸಿತ್ತು.

ಕೈಕಾಲು ತೊಳೆದುಕೊಂಡು ಅವಳು ನೇರ ದೇವಪ್ಪನ ಮನೆಗೆ ಹೋದಳು. ಅವನು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಅಣ್ಣಪ್ಪನ ಮಗಳನ್ನು ಕಂಡು ಅವನ ಕೈ ನಿಂತಿತು. ಕಮಲಿ ಒಳಗಿನಿಂದ ಬಂದು ಕಂಬಕ್ಕೆ ಒರಗಿದಳು.

"ಅಪ್ಪ ಕಳಿಸಿದ್ನಾ?" ಎಂದ ದೇವಪ್ಪ.

"ಇಲ್ಲ ದೇವಪ್ಪಣ್ಣ. ಅಪ್ಪಂಗೆ ಗೊತ್ತಿಲ್ಲ. ಒಂದು ಕೇಳೂಕೆ ಬಂದೆ. ಈ ಸಲ ಕಟ್ಟೆ ಒಡೆಯೂಕಿಂತ ಮೊದ್ಲು ನೀವು ಹಲಗೆ ಎತ್ತಿದ್ರಾ?"

ದೇವಪ್ಪ ಹೆಂಡತಿಯ ಮುಖ ನೋಡಿದ. "ಎತ್ತಿದ್ದೆ. ಚೌತಿ ಮುಗಿದ್ಮೇಲೆ ಎತ್ತಿದ್ದೆ. ಬೇಕಾದ್ರೆ ಸಭೆಯಲ್ಲೂ ಹೇಳ್ತೆ. ನಾ ಎತ್ತಿದ್ದಕ್ಕೆ ಕಟ್ಟೆ ಒಡೀಲಿಲ್ಲ, ಅದು ಅಲ್ಲಿ ಒಡೆದದ್ದು."

"ಅದು ನಂಗೂ ಕಂಡದೆ. ಆವಾಗ ಬಂದ ನೀರು ಉಪ್ಪಿತ್ತಾ?"

ಅವನು ಇಂಥ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ರುಚಿ ನೆನೆಸಿಕೊಳ್ಳುವಂತೆ ನಾಲಿಗೆಯಿಂದ ತುಟಿ ಸವರಿಕೊಂಡ.

"ಉಪ್ಪು ಅಂತ ಹೇಳೂಕೆ ಬರೂದಿಲ್ಲ. ಸಪ್ಪೆ. ಗಂಜಿಗೆ ಉಪ್ಪು ಕಡಿಮೆ ಬಿದ್ದ ಹಾಗೆ. ಮಳೆ ಇತ್ತಲ್ಲ ಆವಾಗ."

"ಎಲ್ಲೀವರೆಗೆ ಹೋಗ್ತಿತ್ತು ನೀರು?"

"ಇಂಥ ಎರಡು ಅಂಗಳದಷ್ಟು ದೂರ ಹೋಗಿ ನಿಲ್ತಿತ್ತು. ಇಳಿತಕ್ಕೆ ವಾಪಸು ಬರ್ತಿತ್ತು. ಎಂತಕ್ಕೆ ತಂಗಿ?"

"ಅಲ್ಲೀವರೆಗೆ ಮಾತ್ರ ಪೈರು ಬದುಕಿದೆ," ಎಂದಳು ಸುಪ್ರಿಯಾ. "ಎಂತಕ್ಕೆ ಹೇಳಿ ನಂಗೂ ಗೊತ್ತಿಲ್ಲ."

ದೇವಪ್ಪ ಬಲೆಯನ್ನು ಬದಿಗಿಟ್ಟು ಎದ್ದ. ಕಟ್ಟೆಯ ಮೇಲೆ ಹೋಗಿ ನೋಡಿಬರುತ್ತೇನೆಂದು ಹೊರಟವನನ್ನು ಕಮಲಿ ತಡೆದಳು. "ಅಣ್ಣಪ್ಪಣ್ಣ ಅಲ್ಲೇ ಕೂತವ್ರೆ. ನಾಳೆ ನೋಡಿ."

ಹೊನ್ನಾವರಕ್ಕೆ ಮರಳಿದ ಸುಪ್ರಿಯಾ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಮಾಡಿದಳು. ಎಂ.ಎಸ್ಸಿ. ಓದುವಾಗ ಅವಳಿಗೆ ಪಾಠ ಮಾಡಿದ ಮೇಷ್ಟ್ರು ಆಗಷ್ಟೇ ನಿವೃತ್ತರಾಗಿದ್ದರು. ಗದ್ದೆಯ ಕತೆಯನ್ನೆಲ್ಲ ಕೇಳಿ ಅವರು "ಹ್ಞಾ" ಎಂದು ಒಂದು ಉದ್ದನೆಯ ಉಸಿರು ಬಿಟ್ಟರು.

"ಸ್ವಲ್ಪ ಉಪ್ಪು ಮೊದಲ ತಾಗಿದ ಗಿಡ ಮುಂದ ಹೆಚ್ಚಿಂದು ತಡ್ಕೋತದ. ಎಲ್ಲಾ ಗಿಡ ಅಲ್ಲ, ಎಲ್ಲಾ ಸಲಾನೂ ಅಲ್ಲ. ಆದ್ರ ಆಗ್ತದ."

"ಅದಕ್ಕೆ ಹೇಗೆ ಗೊತ್ತಾಗ್ತದೆ ಸರ್? ನರ ಇಲ್ಲ, ಮಿದುಳಿಲ್ಲ."

"ಕ್ಯಾಲ್ಸಿಯಂ ಐತಲ್ಲವಾ. ಜೀವಕೋಶ ತನ್ನ ಒಳಗ ಕ್ಯಾಲ್ಸಿಯಂ ಭಾಳ ಕಡಿಮಿ ಇಟ್ಕೊಂಡಿರ್ತದ. ಹೊರಗ, ಗೋಡ್ಯಾಗ, ಒಳಗಿನ ಚೀಲದಾಗ ಬೇಕಾದಷ್ಟು. ಬೇರಿಗೆ ಉಪ್ಪು ತಾಗಿದ ಕೂಡ್ಲೇ ಸಣ್ಣ ಸಣ್ಣ ದಾರಿ ತೆರೀತಾವ, ಕ್ಯಾಲ್ಸಿಯಂ ಒಳಗ ನುಗ್ತದ. ಅದ ಸುದ್ದಿ. ಸುದ್ದಿ ಮುಟ್ಟಿದ ಮ್ಯಾಲ ಅದನ್ನ ಮತ್ತ ಹೊರಗ ಹಾಕ್ತದ."

"ಸುದ್ದಿ ಕೇಳ್ಸಿಕೊಳ್ಳೂದು ಯಾರು?"

"ಅದಕ್ಕಂತನ ಪ್ರೋಟೀನ್ ಅದಾವ. ಒಂದು ಕ್ಯಾಲ್ಸಿಯಂ ಹಿಡ್ಕೊಂಡು ಇನ್ನೊಂದನ್ನ ಎಬ್ಬಸ್ತದ. ಎದ್ದದ್ದು ಹೋಗಿ, ಸೋಡಿಯಂ ಹೊರಗ ದಬ್ಬೋ ಪಂಪ್ ಚಾಲೂ ಮಾಡ್ತದ. ಈಗೀಗ ಲೇಖನ ಬರಾಕತ್ತಾವ ಅದರ ಬಗ್ಗೆ. ಹೊರದೇಶದಾಗ ಒಂದು ತಮಾಷಿ ಮಾಡ್ಯಾರ ನೋಡು. ಕಡಲಿನ್ಯಾಗ ಲೋಳಿಹಂಗ ತೇಲ್ತದಲ್ಲ, ಮುಟ್ಟಿದ್ರ ಉರೀತದಲ್ಲ, ಆ ಪ್ರಾಣಿಯ ಪ್ರೋಟೀನನ್ನ ಸಸಿಯೊಳಗ ಸೇರ್ಸ್ಯಾರ. ಕ್ಯಾಲ್ಸಿಯಂ ಏರಿದ್ರ ಸಸಿ ಮಿಣಕ್ ಅಂತದ. ಬರಿಗಣ್ಣಿಗೆ ಕಾಣಂಗಿಲ್ಲ, ಯಂತ್ರ ಬೇಕು. ಹಿಂದ ಒಮ್ಮೆ ಪೆಟ್ಟು ತಿಂದ ಸಸಿಯೊಳಗ ಎರಡನೇ ಸಲ ಆ ಏರಿಳಿತದ ರೀತಿನ ಬ್ಯಾರೆ ಇರ್ತದಂತ."

ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತ ಸುಪ್ರಿಯಾ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಚಿಕ್ಕಂದಿನಿಂದ ನೋಡಿದ ಪೈರು ಅದು. ಅದರ ಬೇರಿನೊಳಗೆ ಇಷ್ಟು ಅವಸರ ನಡೆಯುತ್ತದೆಂದು ಅವಳು ಪರೀಕ್ಷೆಗೆಂದು ಓದಿದ್ದಳೇ ಹೊರತು ನಂಬಿರಲಿಲ್ಲ ಎನಿಸಿತು.

"ನಮ್ಮ ಗದ್ದೆಯಲ್ಲಿ ಆದದ್ದು ಅದೇ ಅಂತ ಹೇಳಬಹುದಾ ಸರ್?"

"ಹೇಳೋದು ಸುಲಭ. ತೋರ್ಸು ನೋಡೋಣ," ಎಂದರು ಮೇಷ್ಟ್ರು.

ತೋರಿಸಲು ಅವಳ ಬಳಿ ಇದ್ದದ್ದು ಕಾಲೇಜಿನ ಬಡಗಣ ಕಿಟಕಿಯ ಒಂದು ಕಲ್ಲಿನ ಕಟ್ಟೆ, ಹಳೆಯ ಜಾಮ್ ಬಾಟಲಿಗಳು ಮತ್ತು ಅಪ್ಪನ ಚೀಲದಲ್ಲಿ ಉಳಿದ ಜಯಾ ಬೀಜ. ಉಪ್ಪುನೀರಿನ ಕೆಲಸ ಭಾಸ್ಕರನದಾಯಿತು. ಕುಮಟಾದಲ್ಲಿ ಯಾರೋ ತುಂಬಿಸಿಕೊಡುತ್ತಿದ್ದ ಹೊಳೆನೀರಿನ ಕ್ಯಾನನ್ನು ತನ್ನ ಸೀಟಿನ ಅಡಿಯಲ್ಲಿಟ್ಟುಕೊಂಡು ತರುತ್ತಿದ್ದ. ಒಂದು ದಿನ ಮುಚ್ಚಳ ಸಡಿಲಾಗಿ ನೀರು ಬಸ್ಸಿನ ಉದ್ದಕ್ಕೂ ಹರಿಯಿತು. ಹಿಂದಿನ ಸೀಟಿನ ಮೀನಿನವಳು ಬುಟ್ಟಿ ಎತ್ತಿಕೊಂಡು, "ನನ್ ಬುಟ್ಟಿ ನೀರಲ್ಲ ಮಾರಾಯ್ರೆ, ಈ ಸಲ ಕಂಡಕ್ಟರಂದೇ," ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳಂತೆ.

ಕೆಲವು ಸಸಿಗಳಿಗೆ ಮೊದಲು ಸಪ್ಪೆ ಉಪ್ಪಿನ ಒಂದು ಗುಟುಕು ಕೊಟ್ಟು, ಆಮೇಲೆ ಎಲ್ಲವನ್ನೂ ಬಲವಾದ ಉಪ್ಪಿಗಿಡುವುದು ಅವಳ ಯೋಚನೆ. ಮೊದಲ ಪ್ರಯತ್ನ ಹಾಳಾಯಿತು. ಸಸಿಗಳಿಗೆ ಮೊದಲ ಗುಟುಕೆಂದು ಕೊಟ್ಟ ನೀರೇ ಹೆಚ್ಚು ಉಪ್ಪಾಗಿತ್ತು. ಮಳೆ ನಿಂತಮೇಲಿನ ಹೊಳೆನೀರು ಚೌತಿಯ ಹೊತ್ತಿನ ನೀರಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಎಲ್ಲ ಬಾಟಲಿಗಳ ಸಸಿಗಳೂ ಬಾಡಿದವು. ಎರಡನೇ ಸಲ ನೀರನ್ನು ನಾಲಿಗೆಗೆ ತಾಗಿಸಿ, ದೇವಪ್ಪ ಹೇಳಿದ ಗಂಜಿಯ ರುಚಿಗೆ ಬರುವ ತನಕ ಬಾವಿನೀರು ಬೆರೆಸಿದಳು. ಈ ಸಲ ಕಂಡಿತು. ಗುಟುಕು ಕುಡಿದಿದ್ದ ಸಸಿಗಳು ಆಮೇಲೆ ಬಲವಾದ ಉಪ್ಪಿಗಿಟ್ಟಾಗ ಮಂಕಾದವು, ಬಾಗಿದವು, ಮತ್ತೆ ನೆಟ್ಟಗಾದವು. ಗುಟುಕು ಕುಡಿಯದವು ಬಾಗಿದ್ದೇ ಬಂತು, ಏಳಲಿಲ್ಲ.

ಇದು ಗದ್ದೆಯಲ್ಲಿ ಕಂಡದ್ದನ್ನೇ ಬಾಟಲಿಯಲ್ಲಿ ಕಂಡಂತಾಯಿತು. ನಡುವೆ ಕ್ಯಾಲ್ಸಿಯಂ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅವಳು ರಸಾಯನಶಾಸ್ತ್ರದ ನಾಗರಾಜನ ಹತ್ತಿರ ಹೋದಳು. ಕರ್ಕಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವನು ಬಾವಿನೀರಿನ ಗಡಸುತನ ಅಳೆಯುವ ಪ್ರಯೋಗಕ್ಕೆ ಇಡಿಟಿಎ ಎಂಬ ಬಿಳಿ ಪುಡಿ ಇಟ್ಟುಕೊಂಡಿದ್ದ. ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಅದು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ. ಮೊದಲ ಗುಟುಕಿನಲ್ಲೇ ಅದನ್ನು ಬೆರೆಸಿದರೆ ಉಪ್ಪು ಬೇರಿಗೆ ತಾಗುತ್ತದೆ, ಆದರೆ ಒಳನುಗ್ಗಲು ಕ್ಯಾಲ್ಸಿಯಂ ಸಿಗುವುದಿಲ್ಲ. ಸುದ್ದಿಯೇ ಹೋಗದಿದ್ದರೆ ಗಿಡ ಸಿದ್ಧವಾಗುತ್ತದೆಯೇ?

ಗಿಡ ಸಿದ್ಧವಾಗಲಿಲ್ಲ. ಸುಪ್ರಿಯಾ ಖುಷಿಯಿಂದ ನಾಗರಾಜನನ್ನು ಕರೆದು ತೋರಿಸಿದಳು. ಅವನು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬದಿಯ ಬಾಟಲಿಯತ್ತ ಬೆರಳು ಮಾಡಿದ. ಅದರಲ್ಲಿದ್ದ ಸಸಿಗಳಿಗೆ ಅವಳು ಉಪ್ಪು ತಾಗಿಸಿಯೇ ಇರಲಿಲ್ಲ, ಬರೀ ಪುಡಿ ಹಾಕಿದ್ದಳು. ಅವೂ ಬಾಡಿದ್ದವು.

"ನಿಮ್ಮ ಪುಡಿ ಜಾಸ್ತಿಯಾತು ಮೇಡಂ. ಬೇರಿನ ಗೋಡೆ ನಿಂತದ್ದೇ ಕ್ಯಾಲ್ಸಿಯಂ ಮೇಲೆ. ನೀವು ಸುದ್ದಿ ತಡೆದದ್ದಲ್ಲ, ಮನೆಯನ್ನೇ ಕೆಡವಿದ್ದು."

ಆ ಸಂಜೆ ಅವಳು ಮನೆಗೆ ಬಂದು ಅಡುಗೆಮನೆಗೂ ಹೋಗದೆ ಜಗಲಿಯಲ್ಲಿ ಕೂತುಬಿಟ್ಟಳು. ಭಾಸ್ಕರನೇ ಅನ್ನಕ್ಕಿಟ್ಟ. "ನಾಳೆ ಎರಡು ಕ್ಯಾನ್ ತರ್ಬೇಕಾ?" ಎಂದು ಕೇಳಿದ. ಅವಳಿಗೆ ನಗು ಬಂತು.

ಮುಂದಿನ ಸಲ ಪುಡಿಯನ್ನು ಚಿಟಿಕೆಗಿಂತ ಕಡಿಮೆ ಮಾಡಿದಳು. ಸ್ವಲ್ಪ ಹೊತ್ತು ಮಾತ್ರ ಇಟ್ಟು, ಬೇರನ್ನು ತೊಳೆದು, ಕ್ಯಾಲ್ಸಿಯಂ ಇರುವ ಒಳ್ಳೆಯ ನೀರಿಗೆ ಮರಳಿಸಿದಳು. ಬರೀ ಪುಡಿ ತಾಗಿದವು ಈ ಸಲ ಬಾಡಲಿಲ್ಲ, ಆರಾಮವಾಗಿ ನಿಂತವು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಲವಾದ ಉಪ್ಪಿಗೆ ಇಳಿಸಿದಳು. ಬೆಳಿಗ್ಗೆ ತರಗತಿಗೆ ಹೋಗುವ ಮೊದಲು, ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು, ಸಂಜೆ ಬೀಗ ಹಾಕುವ ಮೊದಲು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನಾಗರಾಜನೂ ಬಂದು ನಿಲ್ಲುತ್ತಿದ್ದ. ನಿಧಾನವಾಗಿ ಬಾಟಲಿಗಳು ಬೇರೆ ಬೇರೆಯಾದವು. ಗುಟುಕು ಕುಡಿದವು ಎದ್ದವು. ಗುಟುಕಿನ ಜೊತೆ ಪುಡಿಯನ್ನೂ ಕುಡಿದವು ಉಪ್ಪನ್ನೇ ಕಂಡಿರದವುಗಳ ಹಾಗೆ ಮಲಗಿದವು. ಅವಕ್ಕೆ ಉಪ್ಪು ತಾಗಿತ್ತು, ಆದರೆ ಸುದ್ದಿ ಮುಟ್ಟಿರಲಿಲ್ಲ.

ಮೇಷ್ಟ್ರು ಫೋನಿನಲ್ಲಿ ಕೇಳಿ ಮೆಚ್ಚಿದರು. ಪೂರ್ತಿ ಮೆಚ್ಚಲಿಲ್ಲ. "ನಿನ್ನ ಪುಡಿ ಬರೇ ಕ್ಯಾಲ್ಸಿಯಂ ಹಿಡಿಯಂಗಿಲ್ಲ, ಕಬ್ಬಿಣ, ಮೆಗ್ನೀಸಿಯಂ ಎಲ್ಲಾ ಹಿಡೀತದ. ಕ್ಯಾಲ್ಸಿಯಂ ಬರೋ ದಾರಿನ ಮುಚ್ಚೋ ಲವಣ ಒಂದದ, ಕಳಸ್ತೇನಿ. ಅದರಿಂದ ಇನ್ನೊಮ್ಮೆ ಮಾಡು. ಆಗೂ ನೀ ನೋಡಿದ್ದು ಕ್ಯಾಲ್ಸಿಯಂ ಅಲ್ಲ, ಅದರ ನೆರಳ ಅಂತ ನೆನಪಿಡು." ಆ ಲವಣದಿಂದ ಮಾಡಿದಾಗಲೂ ಸಸಿಗಳು ಮಲಗಿದವು. ಕೆಲವು ಮಲಗಲಿಲ್ಲ. ಏಕೆಂದು ಅವಳಿಗೆ ತಿಳಿಯಲಿಲ್ಲ, ಮೇಷ್ಟ್ರಿಗೂ ತಿಳಿಯಲಿಲ್ಲ.

ಸಭೆಯ ಹಿಂದಿನ ದಿನ ಅವಳು ಅಪ್ಪನನ್ನು ಹೊನ್ನಾವರಕ್ಕೆ ಕರೆಸಿದಳು. ಮಗಳ ಕಾಲೇಜಿಗೆ ಅಣ್ಣಪ್ಪ ಹಿಂದೆಂದೂ ಬಂದಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅಳಿಯನ ಬಸ್ಸಿನಲ್ಲೇ ಬಂದ. ಪ್ರಯೋಗಶಾಲೆಯಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ಬಿಟ್ಟೇ ಒಳಗೆ ಬಂದ. ಸುಪ್ರಿಯಾ ಬಾಟಲಿಗಳನ್ನು ತೋರಿಸಿ, ಯಾವುದಕ್ಕೆ ಏನು ಮಾಡಿದೆನೆಂದು ಹೇಳಿದಳು. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಒಂದು ಎಲೆಯನ್ನು ಬೆರಳ ನಡುವೆ ಹಿಡಿದು ಸವರಿದ.

"ಇದು ನಮ್ಮ ಬೀಜವೇ?"

"ನಿಮ್ಮ ಚೀಲದ್ದೇ ಅಪ್ಪ."

"ಬೇರು ಉಪ್ಪು ಕುಡೀತು. ಆತು. ಎಲೆ ಅಷ್ಟು ಮೇಲೆ ಅದೆ. ಎಲೆಗೆ ಹೇಗೆ ಗೊತ್ತಾಗೂದು?"

ತಾನು ಬೇರಿನ ಬಗ್ಗೆಯೇ ಯೋಚಿಸುತ್ತಿದ್ದೆ ಎಂಬುದು ಸುಪ್ರಿಯಾಗೆ ಆಗ ಹೊಳೆಯಿತು. "ಒಂದು ಕೋಶದಿಂದ ಬದಿಯ ಕೋಶಕ್ಕೆ ದಾಟ್ತಾ ಹೋಗ್ತದೋ ಎಂತದೋ. ನೀರಿನ ಜೊತೆ ಮೇಲೆ ಹೋಗ್ತದೋ. ನಂಗೆ ಸರಿಯಾಗಿ ಗೊತ್ತಿಲ್ಲ."

"ಗೊತ್ತಿದ್ದವ್ರು ಯಾರಾದ್ರೂ ಅವ್ರಾ?"

"ಹುಡುಕ್ತಾ ಅವ್ರೆ."

ಅಣ್ಣಪ್ಪ ತಲೆಯಾಡಿಸಿದ. ಆಮೇಲೆ, ಬಾಟಲಿಯಿಂದ ಕಣ್ಣು ತೆಗೆಯದೆ, "ನೀ ಈಗ ದೇವಪ್ಪನ ಪರ ಮಾತಾಡೂಕೆ ಕರೆಸಿದ್ದಾ?" ಎಂದ.

"ಇಲ್ಲ. ಪೈರು ನಿಂತಾಗ ಹಲಗೆ ಎತ್ತೂದು ಸರಿಯೋ ತಪ್ಪೋ ಅದು ನಿಮ್ಮಿಬ್ರ ನಡುವಿಂದು. ಒಂದು ದಿನ ಹೆಚ್ಚು ಎತ್ತಿದ್ರೆ ಇಡೀ ಗದ್ದೆ ಹೋಗ್ತಿತ್ತು, ನನ್ನ ಮೊದಲ ಬಾಟಲಿ ಹೋದ ಹಾಗೆ. ಆದ್ರೆ ಆ ಮೂಲೆ ಬದುಕಿದ್ದು ಎಂತಕ್ಕೆ ಹೇಳಿ ನಿಮಗೆ ತೋರಿಸ್ಬೇಕು ಅಂತ ಇತ್ತು."

ಅಪ್ಪ ಬಸ್ಸಿನಿಂದಿಳಿದು ಮನೆಯ ಕಡೆಗಲ್ಲ, ಕಟ್ಟೆಯ ಕಡೆಗೆ ನಡೆದನೆಂದು ಭಾಸ್ಕರ ಬಂದು ಹೇಳಿದ.

ಸಭೆಗೆ ಸುಪ್ರಿಯಾ ಹೋಗಿರಲಿಲ್ಲ. ನಡೆದದ್ದನ್ನು ಅವ್ವ ಹೇಳಿದಳು. ಕಟ್ಟೆಯ ರಿಪೇರಿಯ ಮಾತು ಮುಗಿದು, ಬಾಗಿಲಿನ ವಿಷಯ ಬಂದಾಗ ಎಲ್ಲರೂ ಅಣ್ಣಪ್ಪನ ಕಡೆ ನೋಡಿದರಂತೆ. ಜಗಳ ನೋಡಲೆಂದೇ ಕೆಲವರು ಬಂದಿದ್ದರು. ಅಣ್ಣಪ್ಪ ಎದ್ದು ನಿಂತು, ಪೈರು ಇರುವಾಗ ಹೇಳದೆ ಕೇಳದೆ ಹಲಗೆ ಎತ್ತಬಾರದು ಎಂದನಂತೆ. ಬಲೆಯನ್ನೇ ಕಟ್ಟಬಾರದೆಂದು ಹೇಳಲಿಲ್ಲ. ಆಮೇಲೆ ಕೂರುವ ಬದಲು ದೇವಪ್ಪನ ಕಡೆ ತಿರುಗಿ, ವರ್ಷದ ಮೇಲೆ ಮೊದಲ ಸಲ ಅವನೊಡನೆ ಮಾತಾಡಿದನಂತೆ: "ಎಷ್ಟು ಎತ್ತಿದ್ದೆ ನೀನು? ಗೇಣಾ, ಬೆರಳಾ?"

ದೇವಪ್ಪ ಕೈ ಅಗಲಿಸಿ ತೋರಿಸಿದ. ಸಭೆಗೆ ಏನೂ ಅರ್ಥವಾಗಲಿಲ್ಲ.

ಮುಂದಿನ ವರ್ಷ ಅಣ್ಣಪ್ಪ ಗದ್ದೆಯ ಹೆಚ್ಚಿನ ಭಾಗಕ್ಕೆ ಕಗ್ಗವನ್ನೇ ಹಾಕಿದ. ಬಾಗಿಲಿನ ಹತ್ತಿರದ ತುಂಡಿಗೆ ಮಾತ್ರ ಜಯಾ. ಅದರ ನಡುವೆ ಒಂದು ಸಣ್ಣ ಬದು ಕಟ್ಟಿ ಎರಡು ಪಾಲು ಮಾಡಿದ, ಒಂದಕ್ಕೆ ಮೊದಲ ಗುಟುಕು, ಇನ್ನೊಂದಕ್ಕಿಲ್ಲ. ಹೀಗೆ ಮಾಡು ಎಂದು ಸುಪ್ರಿಯಾ ಹೇಳಿರಲಿಲ್ಲ. ಚೌತಿಯ ನಂತರ ಅವಳು ಊರಿಗೆ ಹೋದಾಗ ಬಾಗಿಲಿನ ಬಳಿ ಇಬ್ಬರು ನಿಂತು ಜೋರಾಗಿ ಮಾತಾಡುವುದು ದೂರಕ್ಕೇ ಕೇಳಿಸಿತು. ಮತ್ತೆ ಶುರುವಾಯಿತೆಂದು ಹೆದರಿ ಬೇಗ ಬೇಗ ನಡೆದಳು. ಅಣ್ಣಪ್ಪ ಹಲಗೆ ಎತ್ತಿದ್ದು ಸಾಕು ಎನ್ನುತ್ತಿದ್ದ, ದೇವಪ್ಪ ಇನ್ನೂ ಒಂದು ಬೆರಳು ಎತ್ತಬೇಕು ಎನ್ನುತ್ತಿದ್ದ. ಕಮಲಿ ಕಟ್ಟೆಯ ಮೇಲೆ ಕೂತು, ಇಬ್ಬರನ್ನೂ ನೋಡುತ್ತಾ ಚಿಪ್ಪಿ ಬಿಡಿಸುತ್ತಿದ್ದಳು.

"ನಾಲಿಗೆಗೆ ಹಾಕಿ ನೋಡು ನೀ," ಎಂದ ಅಣ್ಣಪ್ಪ ಮಗಳಿಗೆ, ಅಂಗೈಯಲ್ಲಿ ನೀರು ಹಿಡಿದು. "ಸಪ್ಪೆಯಾ, ಉಪ್ಪಾ?"

"ದೇವಪ್ಪಣ್ಣನ ಸಪ್ಪೆ ಗಂಜಿಗೂ ಸಾಲದು," ಎಂದಳು ಸುಪ್ರಿಯಾ.

"ಹೇಳಿದ್ನಲ್ಲ," ಎಂದು ದೇವಪ್ಪ ಹಲಗೆಗೆ ಕೈ ಹಾಕಿದ.

ಆ ವರ್ಷ ಕಟ್ಟೆ ಒಡೆಯಲಿಲ್ಲ. ಅಮಾವಾಸ್ಯೆಯ ಉಬ್ಬರ ಕಟ್ಟೆಯ ಅಂಚಿಗೆ ಬಂದು ಹಾಗೆಯೇ ಇಳಿದುಹೋಯಿತು. ಬದುವಿನ ಎರಡೂ ಕಡೆಯ ಪೈರು ಒಂದೇ ಹದದಲ್ಲಿ ಹಣ್ಣಾಯಿತು. ಯಾವುದು ಯಾವುದಕ್ಕಿಂತ ಗಟ್ಟಿ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೊಯ್ಲು ಒಳ್ಳೆಯದಾದರೂ ಅಣ್ಣಪ್ಪ ಏನೋ ಕಳೆದುಕೊಂಡವನ ಹಾಗೆ ಇದ್ದ. "ಒಡೀಲಿಲ್ಲ ಹೇಳಿ ಬೇಜಾರಾ ನಿಮ್ಗೆ?" ಎಂದು ಗಂಗೆಯೇ ಕೇಳಿದಳು.

ಸುಪ್ರಿಯಾ ಹಿಂದಿನ ವರ್ಷ ಬದುಕುಳಿದ ಮೂಲೆಯ ಬೀಜ ಒಂದಿಷ್ಟು ತೆಗೆದಿಟ್ಟಿದ್ದಳು. ತಾಯಿಗಿಡ ಕಂಡ ಉಪ್ಪು ಮಗುವಿಗೂ ಗೊತ್ತಿರುತ್ತದೆಯೇ ಎಂಬುದು ಅವಳನ್ನು ತಿಂಗಳುಗಟ್ಟಲೆ ಕಾಡಿತ್ತು. ಬಾಟಲಿಗಳಲ್ಲಿ ಅವನ್ನೂ ಬೇರೆ ಬೀಜಗಳನ್ನೂ ಜೊತೆಯಲ್ಲಿ ಬೆಳೆಸಿ ಉಪ್ಪಿಗಿಟ್ಟಳು. ಯಾವ ವ್ಯತ್ಯಾಸವೂ ಕಾಣಲಿಲ್ಲ; ಎಲ್ಲವೂ ಒಂದೇ ಸಮ ಬಾಡಿದವು. ಅದನ್ನು ಅವಳು ಸ್ವಲ್ಪ ನಿರಾಸೆಯಿಂದಲೇ ಫೋನಿನಲ್ಲಿ ಅಪ್ಪನಿಗೆ ಹೇಳಿದಳು. ಅಣ್ಣಪ್ಪ ಪಕ್ಕದ ಮನೆಯ ಫೋನಿಗೆ ಬಂದು ನಿಂತಿದ್ದ.

"ಹಾಗಾದ್ರೆ ವರ್ಷ ವರ್ಷವೂ ಹೊಸದಾಗೇ ಹೇಳಿಕೊಡ್ಬೇಕು ಅನ್ನು," ಎಂದ. ಆಮೇಲೆ, ಧ್ವನಿ ತಗ್ಗಿಸಿ, "ಒಂದು ಸಲ ಕುಡಿಸಿದ್ರೆ ಎಷ್ಟು ದಿನ ನೆನಪಿರ್ತದೆ ಅದಕ್ಕೆ? ಅದನ್ನ ನೋಡಿದ್ಯಾ?"

ಸುಪ್ರಿಯಾ ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಭಾಸ್ಕರ ಕೆಲಸಕ್ಕೆ ಹೊರಡುವಾಗ ಅವಳು ಎರಡು ಖಾಲಿ ಕ್ಯಾನುಗಳನ್ನು ತೊಳೆದು ಅವನ ಕೈಗೆ ಕೊಟ್ಟಳು.